ಅಂಚಿನಲ್ಲಿ ಬರೆದ ‘ಹೌದು’

ಹಿಟ್ಲರನ ಪೊಲೀಸರ ಕಣ್ಣು ತಪ್ಪಿಸಿ ಯಹೂದಿಗಳನ್ನು ಮನೆಯಲ್ಲಿ ಅಡಗಿಸಿಟ್ಟು ಕಾಪಾಡಿದವರ ಪ್ರಸ್ತಾಪ ಬಂದಾಗ ನಮ್ಮಲ್ಲಿ ಹೆಚ್ಚಿನವರು ಆಡುವ ಮಾತು ಒಂದೇ: ‘ಅವರೆಲ್ಲ ದೇವರಂಥ ಜನ. ನಮ್ಮ ನಿಮ್ಮಂಥವರ ಕೈಲಿ ಆಗುವ ಕೆಲಸ ಅಲ್ಲ ಅದು.’ ಹೀಗೆ ಹೇಳುವವರ ಗೌರವ ಸುಳ್ಳಲ್ಲ. ಆದರೆ ಈ ಮಾತಿನಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಆ ಕೆಲಸ ದೊಡ್ಡದು ಎಂಬುದು ಒಂದು. ಅದನ್ನು ಮಾಡಿದವರು ನಮಗಿಂತ ಬೇರೆ ಬಗೆಯ ಮನುಷ್ಯರು ಎಂಬುದು ಇನ್ನೊಂದು. ಮೊದಲನೆಯದು ನಿಜ. ಅದು ನಿಜ ಎಂದ ಮಾತ್ರಕ್ಕೆ ಎರಡನೆಯದೂ ನಿಜವಾಗಬೇಕಿಲ್ಲ. ಎರಡನ್ನೂ ಒಟ್ಟಿಗೆ ನುಂಗಿದಾಗ ಹೊಗಳಿಕೆಯೇ ನಮಗೊಂದು ವಿನಾಯಿತಿ ಪತ್ರವಾಗುತ್ತದೆ: ಅವರು ದೇವರಾದರೆ ನಾವು ಕೈಕಟ್ಟಿ ಕೂರಬಹುದು. ನಾನಿದನ್ನು ಬರೆಯುತ್ತಿರುವುದು ಮಸ್ಕತ್‌ನಲ್ಲಿ. ಒಮಾನಿನ ಚರಿತ್ರೆಯಲ್ಲಿ ಯಹೂದಿಗಳಿಗೆ ಆಸರೆ ಸಿಕ್ಕ ಎರಡು ಪ್ರಸಂಗಗಳಿವೆ. ಎರಡರಲ್ಲೂ ಹುತಾತ್ಮರಿಲ್ಲ. ಈ ಗೊಂದಲ ಬಿಡಿಸಲು ಅವು ನೆರವಾಗುವುದು ಅದಕ್ಕಾಗಿಯೇ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅಪಾಯ ನಿಜವಾದದ್ದೇ. ಜರ್ಮನರು ಹಿಡಿದಿದ್ದ ಪೋಲೆಂಡಿನಲ್ಲಿ ಗವರ್ನರ್-ಜನರಲ್ ಹಾನ್ಸ್ ಫ್ರಾಂಕ್ 1941ರ ಅಕ್ಟೋಬರ್ 15ರಂದು ಹೊರಡಿಸಿದ ಆಜ್ಞೆಯ ಪ್ರಕಾರ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೊ ಎಂಬ ಕೇರಿ ದಾಟಿ ಹೊರಬಂದ ಯಹೂದಿಗೂ ಮರಣದಂಡನೆ, ಗೊತ್ತಿದ್ದೂ ಅವನಿಗೆ ಆಸರೆ ಕೊಟ್ಟವನಿಗೂ ಮರಣದಂಡನೆ. ಮಾರ್ಕೋವಾ ಎಂಬ ಹಳ್ಳಿಯಲ್ಲಿ ಯೋಜೆಫ್ ಉಲ್ಮಾ ಎಂಬ ರೈತನೂ ಅವನ ಹೆಂಡತಿ ವಿಕ್ಟೋರಿಯಾಳೂ ಎಂಟು ಮಂದಿ ಯಹೂದಿಗಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದರು. 1944ರ ಮಾರ್ಚ್ 24ರಂದು ಪೊಲೀಸರು ಬಂದು ಆ ಎಂಟು ಮಂದಿಯನ್ನೂ ಯೋಜೆಫನನ್ನೂ ತುಂಬು ಬಸುರಿಯಾಗಿದ್ದ ವಿಕ್ಟೋರಿಯಾಳನ್ನೂ ಅವರ ಆರು ಮಕ್ಕಳನ್ನೂ ಗುಂಡಿಟ್ಟು ಕೊಂದರು. ಇಂಥ ಬೆಲೆ ತೆರಬೇಕಾದಲ್ಲಿ ಬಾಗಿಲು ತೆರೆದವರು ವಿರಳ ಎಂಬುದೂ ನಿಜ. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 1963ರಿಂದ ಈವರೆಗೆ ಹೀಗೆ ಗುರುತಿಸಿ ಗೌರವಿಸಿದವರು 28,000ಕ್ಕೂ ಸ್ವಲ್ಪ ಹೆಚ್ಚು. ಯುರೋಪಿನ ಕೋಟ್ಯಂತರ ಜನರ ನಡುವೆ ಅದು ಹಿಡಿಯಷ್ಟು. ಉಳಿದುಕೊಂಡವರೇ ತಮ್ಮನ್ನು ಕಾಪಾಡಿದವರನ್ನು ದೇವತೆಗಳೆಂದು ನೆನೆದಿದ್ದಾರೆ. ನಮ್ಮ ಪರಂಪರೆಯೂ ಈ ನೋಟಕ್ಕೆ ಒಗ್ಗಿದೆ. ಕನ್ನಡ ಶಾಸನಗಳಲ್ಲಿ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಬರುತ್ತದೆ: ಮರೆಹೊಕ್ಕವರ ಸುತ್ತ ವಜ್ರದ ಗೂಡಾಗಿ ನಿಲ್ಲುವವನು ಎಂದು. ಆ ಬಿರುದು ಹೊತ್ತವರು ಅರಸರು, ಸಾಮಂತರು. ಆಸರೆ ಕೊಡುವುದು ವಜ್ರದಂಥವರ ಕೆಲಸ ಎಂದು ನಾವು ಶತಮಾನಗಳಿಂದ ಕೇಳುತ್ತ ಬಂದವರು.

ಈ ನಂಬಿಕೆ ಮೂರು ಊಹೆಗಳ ಮೇಲೆ ನಿಂತಿದೆ. ಒಂದೊಂದಾಗಿ ನೋಡೋಣ.

1. ಕಾಪಾಡಿದವರ ಸ್ವಭಾವವೇ ಅಸಾಮಾನ್ಯವಾಗಿತ್ತು ಎಂಬುದು ಮೊದಲ ಊಹೆ. ಬಾಲ್ಯದಲ್ಲಿ ತಾವೇ ಪೋಲೆಂಡಿನಲ್ಲಿ ಹೆಸರು ಮರೆಸಿಕೊಂಡು ಬದುಕುಳಿದ ಸಮಾಜಶಾಸ್ತ್ರಜ್ಞೆ ನೆಖಾಮಾ ಟೆಕ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಗ, ರಾಜಕೀಯ, ಧರ್ಮಶ್ರದ್ಧೆ ಎಲ್ಲವನ್ನೂ ಒರೆಗೆ ಹಚ್ಚಿದರು. ಯಾವುದರಿಂದಲೂ ‘ಇವನು ಬಾಗಿಲು ತೆರೆಯುತ್ತಾನೆ, ಇವನು ತೆರೆಯುವುದಿಲ್ಲ’ ಎಂದು ಮುಂಚಿತವಾಗಿ ಹೇಳಲಾಗದು ಎಂದು ಕಂಡರು. ಅವರಿಗೆ ಸಿಕ್ಕ ಸಮಾನ ಗುಣಗಳು ತೀರ ಮನೆಮಟ್ಟದವು: ಸುತ್ತಲಿನವರು ಏನೆನ್ನುತ್ತಾರೆ ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳದಿರುವುದು, ಯುದ್ಧಕ್ಕೆ ಮೊದಲಿನಿಂದಲೂ ಕಷ್ಟದಲ್ಲಿರುವವರಿಗೆ ಕೈಲಾದದ್ದು ಮಾಡುತ್ತ ಬಂದ ರೂಢಿ. ಸ್ಯಾಮ್ಯುಯೆಲ್ ಮತ್ತು ಪರ್ಲ್ ಆಲಿನರ್ ದಂಪತಿ 400ಕ್ಕೂ ಹೆಚ್ಚು ರಕ್ಷಕರನ್ನು ಮಾತಾಡಿಸಿ 1988ರಲ್ಲಿ ಹೊರತಂದ ಪುಸ್ತಕದಲ್ಲಿ ಇನ್ನೊಂದು ಸುಳಿವಿದೆ. ಈ ಜನ ಬೆಳೆದ ಮನೆಗಳಲ್ಲಿ ಹಿರಿಯರು ಹೊಡೆದು ತಿದ್ದುವುದಕ್ಕಿಂತ ತಿಳಿಹೇಳಿ ತಿದ್ದುವುದೇ ಹೆಚ್ಚಾಗಿತ್ತು. ಇವು ವರವಾಗಿ ಬರುವ ಗುಣಗಳಲ್ಲ. ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಮಕ್ಕಳು ನೋಡಿ ಕಲಿಯುವಂಥವು.

2. ಪ್ರಾಣ ಪಣಕ್ಕಿಡಲು ಅಪಾರ ಪ್ರೀತಿ ಬೇಕು ಎಂಬುದು ಎರಡನೆಯದು. ಇದನ್ನು ಅಲುಗಾಡಿಸುವವಳು ಪೋಲೆಂಡಿನ ಕಾದಂಬರಿಕಾರ್ತಿ ಜೋಫಿಯಾ ಕೊಸ್ಸಾಕ್. ವಾರ್ಸಾ ಗೆಟ್ಟೊದಿಂದ ಸಾವಿನ ಶಿಬಿರಕ್ಕೆ ರೈಲುಗಳು ಹೊರಡುತ್ತಿದ್ದ 1942ರ ಆಗಸ್ಟಿನಲ್ಲಿ ಆಕೆ ಗುಪ್ತವಾಗಿ ಒಂದು ಕರಪತ್ರ ಹಂಚಿದಳು. ಯಹೂದಿಗಳು ಪೋಲೆಂಡಿಗೆ ವೈರಿಗಳೆಂಬ ತನ್ನ ಅಭಿಪ್ರಾಯ ಬದಲಾಗಿಲ್ಲ ಎಂದು ಅದರಲ್ಲಿ ಬಿಚ್ಚಿ ಹೇಳಿದಳು. ಹಾಗಿದ್ದರೂ ಕೊಲೆ ನಡೆಯುವಾಗ ಸುಮ್ಮನಿದ್ದವನು ಕೊಲೆಗಾರನ ಪಾಲುದಾರ ಎಂದಳು. ಯಹೂದಿಗಳ ನೆರವಿಗೆ ಸಮಿತಿ ಕಟ್ಟಿದ ಮುಂದಾಳುಗಳಲ್ಲಿ ಆಕೆಯೂ ಒಬ್ಬಳು. ಆಕೆಯ ಪೂರ್ವಗ್ರಹವನ್ನು ನಾನು ಒಪ್ಪಲಾರೆ, ಅದು ಕೊಳಕು. ಆದರೆ ಅದು ಒಂದು ಸತ್ಯವನ್ನು ತೋರಿಸಿಕೊಡುತ್ತದೆ. ಕಾಪಾಡಲು ಪ್ರೀತಿ ಕಡ್ಡಾಯವಲ್ಲ. ಎದುರಿಗಿರುವವನನ್ನು ಹೀಗೆ ಕೊಲ್ಲಕೂಡದು ಎಂಬ ಒಂದು ಗೆರೆ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ಸಾಕು. ಎಲ್ಲರನ್ನೂ ಪ್ರೀತಿಸಲು ನಮ್ಮಿಂದಾಗದು. ಆ ಗೆರೆಯನ್ನು ಕಾಯುವುದು ಯಾರಿಂದಲೂ ಆದೀತು.

3. ಅವರು ಸಾವನ್ನೂ ಬದುಕನ್ನೂ ಅಳೆದು ತೂಗಿ ಒಂದು ಮಹಾನಿರ್ಧಾರ ತೆಗೆದುಕೊಂಡರು ಎಂಬುದು ಮೂರನೆಯದು. ರಕ್ಷಕರನ್ನು ದೀರ್ಘವಾಗಿ ಸಂದರ್ಶಿಸಿದ ಕ್ರಿಸ್ಟನ್ ಮನ್ರೋ ಅವರಿಗೆ ಮತ್ತೆ ಮತ್ತೆ ಎದುರಾದದ್ದು ಇದರ ವಿರುದ್ಧದ ಅನುಭವ. ‘ಯಾಕೆ ಮಾಡಿದಿರಿ’ ಎಂದರೆ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತಿತ್ತು. ಬೇರೆ ದಾರಿ ಇತ್ತೆಂದೇ ಅವರಿಗೆ ತೋರಿರಲಿಲ್ಲ. ಫ್ರಾನ್ಸಿನ ಲೆ ಶಾಂಬೊ ಎಂಬ ಗುಡ್ಡದೂರಿನಲ್ಲಿ, ಪಾದ್ರಿಯ ಹೆಂಡತಿ ಮಾಗ್ದಾ ತ್ರೋಕ್ಮೆಯ ಬಾಗಿಲಿಗೆ ಚಳಿಗಾಲದ ಒಂದು ರಾತ್ರಿ ಹಿಮದಲ್ಲಿ ನೆನೆದ ಯಹೂದಿ ಹೆಂಗಸೊಬ್ಬಳು ಬಂದು ನಿಂತಳು. ಮಾಗ್ದಾ ಒಳಗೆ ಕರೆದಳು. ಒದ್ದೆ ಬೂಟುಗಳನ್ನು ಒಣಗಿಸಬೇಕು, ಊಟಕ್ಕೆ ಏನಾದರೂ ಕೊಡಬೇಕು: ಆ ಗಳಿಗೆಯ ಚಿಂತೆ ಅಷ್ಟೇ. ಆಮೇಲೆ ಸುಳ್ಳು ಗುರುತುಪತ್ರ, ಮಕ್ಕಳಿಗೆ ಶಾಲೆ, ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಕಾಲುದಾರಿ ಎಂದು ಒಂದೊಂದೇ ಬೆಳೆಯಿತು. ಆ ಬೆಟ್ಟಸೀಮೆಯಲ್ಲಿ ಕೆಲವು ಸಾವಿರ ಮಂದಿ ನಿರಾಶ್ರಿತರು ಆಸರೆ ಪಡೆದರು. ಅಂದು ರಾತ್ರಿ ಯಾರಾದರೂ ಮಾಗ್ದಾಳನ್ನು ಕರೆದು, ‘ಸಾವಿರಾರು ಜನರ ಹೊಣೆ ಹೊರುತ್ತೀಯಾ’ ಎಂದು ಕೇಳಿದ್ದರೆ ಏನೆನ್ನುತ್ತಿದ್ದಳೋ. ಆದರೆ ಅವಳ ಮುಂದೆ ಇದ್ದದ್ದು ಆ ಪ್ರಶ್ನೆಯಲ್ಲ, ಒಂದು ಜೊತೆ ಬೂಟು. ಬರ್ಲಿನ್ನಿನಲ್ಲಿ ವೈದ್ಯನಾಗಿದ್ದ ಈಜಿಪ್ಟಿನ ಮೊಹಮ್ಮದ್ ಹೆಲ್ಮಿಯೂ ಹೀಗೆಯೇ ಒಂದೊಂದೇ ಮೆಟ್ಟಿಲು ಹತ್ತಿದವನು. ತನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಯಹೂದಿ ಕುಟುಂಬದ ಆನ್ನಾ ಬೊರೋಸ್ ಎಂಬ ಹುಡುಗಿಯನ್ನು ನಗರದಂಚಿನ ಒಂದು ಗುಡಿಸಿಲಿನಲ್ಲಿ ಅಡಗಿಸಿಟ್ಟ. ತನ್ನ ಬಂಧುವಾದ ಮುಸ್ಲಿಂ ಹುಡುಗಿ ಎಂದು ಹೇಳಿ ಯುದ್ಧ ಮುಗಿಯುವವರೆಗೆ ಕಾದ. ಯಾದ್ ವಶೇಮ್ ಗೌರವ ಪಡೆದ ಮೊದಲ ಅರಬ್ ವ್ಯಕ್ತಿ ಅವನೇ. ಅದು ಬಂದದ್ದು 2013ರಲ್ಲಿ, ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ.

‘ಇದೆಲ್ಲ ಇರಲಿ, ಬಾಗಿಲು ಮುಚ್ಚಿಕೊಂಡವರು ಮುಚ್ಚಿಕೊಂಡದ್ದು ಜೀವಭಯದಿಂದ ತಾನೆ? ಭಯ ಗೆದ್ದವನೇ ವೀರ’ ಎಂದು ಯಾರಾದರೂ ಕೇಳಬಹುದು. ಭಯವೇ ಮುಖ್ಯ ಕಾರಣವಾಗಿದ್ದರೆ ಭಯವಿಲ್ಲದ ಕಡೆ ಎಲ್ಲ ಬಾಗಿಲುಗಳೂ ತೆರೆದಿರಬೇಕಿತ್ತು. ನಮ್ಮ ಬೆಂಗಳೂರನ್ನೇ ನೋಡಿ. ಯಹೂದಿ ಮೂಲದವನೆಂಬ ಕಾರಣಕ್ಕೆ 1933ರಲ್ಲಿ ಗ್ಯೋಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಕರೆಯ ಮೇರೆಗೆ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರಿಗೆ ಅಲ್ಲಿಯೇ ಕಾಯಂ ಹುದ್ದೆ ಕೊಡಿಸಲು ರಾಮನ್ ಹೆಣಗಿದರು. ಸಭೆಯಲ್ಲಿ ಪ್ರಾಧ್ಯಾಪಕರೊಬ್ಬರು ಎದ್ದು ನಿಂತು, ಸ್ವದೇಶದಿಂದಲೇ ಓಡಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದರೆಂದು ಬಾರ್ನ್ ಆತ್ಮಕಥನದಲ್ಲಿ ನೋವಿನಿಂದ ನೆನೆದಿದ್ದಾರೆ. ಹುದ್ದೆ ಸಿಗಲಿಲ್ಲ, ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಆ ಸಭೆಯಲ್ಲಿ ಕೂತಿದ್ದ ಒಬ್ಬರ ಕೂದಲೂ ಕೊಂಕುವಂತಿರಲಿಲ್ಲ. ಅದೇ ಊರಿನಲ್ಲಿ, 1939ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತ ಅದೇ ಬಗೆಯ ನಿರಾಶ್ರಿತನಾದ ಓಟೊ ಕೋನಿಗ್ಸ್‌ಬರ್ಗರನನ್ನು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿತು. ಅಪಾಯ ಎರಡೂ ಕಡೆ ಸೊನ್ನೆ. ಉತ್ತರ ಮಾತ್ರ ಬೇರೆ. ಮಾರ್ಕೋವಾದಲ್ಲಿ ಅಪಾಯ ಪರಮಾವಧಿಯಲ್ಲಿತ್ತು. ಅಲ್ಲಿ ಬಾಗಿಲು ತೆರೆಯಿತು. ಹಾಗಾದರೆ ಬಾಗಿಲ ಹಿಂದೆ ಕೆಲಸ ಮಾಡುವ ಇನ್ನೇನೋ ಇದೆ.

ಆ ‘ಇನ್ನೇನೋ’ ಏನು? ನನಗೆ ಮೂರು ಕಾಣುತ್ತವೆ. ಮೊದಲನೆಯದು, ಕೇಳಿಸಿಕೊಳ್ಳುವುದು. ಆಲಿನರ್ ದಂಪತಿಗೆ ಸಿಕ್ಕ ರಕ್ಷಕರಲ್ಲಿ ಮೂರರಲ್ಲಿ ಎರಡು ಪಾಲು ಜನ ತಾವಾಗಿ ಹುಡುಕಿಕೊಂಡು ಹೋದವರಲ್ಲ. ಯಾರೋ ಬಂದು ಕೇಳಿದ್ದರು. ಅದೇ ಮಾಹಿತಿಯನ್ನು ಮತ್ತೆ ಜರಡಿ ಹಿಡಿದ ಸಂಶೋಧಕರು, ನೇರವಾಗಿ ಕೇಳಲ್ಪಟ್ಟವರಲ್ಲಿ ಬಹುತೇಕರು ಒಪ್ಪಿದ್ದರು ಎಂದು ತೋರಿಸಿದ್ದಾರೆ. ಒಪ್ಪುವರೆಂದು ತೋರಿದವರನ್ನೇ ಜನ ಕೇಳಿರಬಹುದು, ಸರಿ. ಆದರೂ ಕೇಳುವವನ ಮುಖ ಎದುರಿಗಿದ್ದಾಗ ‘ಇಲ್ಲ’ ಎನ್ನುವುದು ಪತ್ರಿಕೆಯಲ್ಲಿ ಓದಿ ಮಗುಚಿ ಹಾಕುವಷ್ಟು ಸುಲಭವಲ್ಲ. ಎರಡನೆಯದು, ಚಿಕ್ಕದಾದ ಮೊದಲ ಹೆಜ್ಜೆ, ಮಾಗ್ದಾಳ ಬೂಟುಗಳು. ಮೂರನೆಯದು, ಜೊತೆ. ಡೆನ್ಮಾರ್ಕಿನಲ್ಲಿ 1943ರ ಅಕ್ಟೋಬರಿನಲ್ಲಿ 7,000ಕ್ಕೂ ಹೆಚ್ಚು ಯಹೂದಿಗಳು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿದರು. ಒಬ್ಬ ಎಚ್ಚರಿಸಿದ, ಒಬ್ಬ ಆಸ್ಪತ್ರೆಯಲ್ಲಿ ಹಾಸಿಗೆ ಕೊಟ್ಟ, ಒಬ್ಬ ದೋಣಿ ಕೊಟ್ಟ, ಇನ್ನೊಬ್ಬ ಕಂಡರೂ ಕಾಣದಂತಿದ್ದ. ಪ್ರತಿಯೊಬ್ಬನ ಪಾಲಿಗೆ ಬಂದದ್ದು ಒಬ್ಬ ಸಾಧಾರಣ ಮನುಷ್ಯ ಹೊರಬಹುದಾದಷ್ಟೇ ಭಾರ.

ಈಗ ಒಮಾನಿಗೆ ಬರುತ್ತೇನೆ. ಹತ್ತನೆಯ ಶತಮಾನದಲ್ಲಿ ಬುಜುರ್ಗ್ ಇಬ್ನ್ ಶಹ್ರಿಯಾರ್ ಎಂಬ ನಾವಿಕ ಕೂಡಿಸಿದ ‘ಅಜಾಯಿಬ್ ಅಲ್-ಹಿಂದ್’ ಎಂಬ ಕಡಲಕಥೆಗಳ ಸಂಗ್ರಹದಲ್ಲಿ ಇಸ್ಹಾಕ್ ಎಂಬ ಯಹೂದಿ ವರ್ತಕನ ಪ್ರಸಂಗವಿದೆ. ಇನ್ನೂರು ದಿನಾರ್ ಹಿಡಿದು ಒಮಾನ್ ಬಿಟ್ಟವನು ಮೂವತ್ತು ವರ್ಷಗಳ ಮೇಲೆ, ಹಿಜರಿ 300ರಲ್ಲಿ, ಅಂದರೆ ಸುಮಾರು 912ರಲ್ಲಿ, ಸ್ವಂತ ಹಡಗಿನಲ್ಲಿ ಚೀನಾದಿಂದ ಕಸ್ತೂರಿ, ರೇಷ್ಮೆ, ಪಿಂಗಾಣಿ ತುಂಬಿಕೊಂಡು ಮರಳಿದ. ರಾಜ್ಯಪಾಲ ಅಹ್ಮದ್ ಬಿನ್ ಹಿಲಾಲನಿಗೆ ಅವನು ಕೊಟ್ಟ ಕಾಣಿಕೆ ಒಂದು ಕರಿ ಪಿಂಗಾಣಿ ಜಾಡಿ; ಚಿನ್ನದ ಮುಚ್ಚಳ ತೆಗೆದರೆ ಒಳಗೆ ಕಸ್ತೂರಿಯ ನಡುವೆ ಮಾಣಿಕ್ಯದ ಕಣ್ಣಿನ ಬಂಗಾರದ ಮೀನು. ಅಸೂಯೆಯವನೊಬ್ಬ ಬಾಗ್ದಾದಿಗೆ ಚಾಡಿ ಹೇಳಿದ. ಖಲೀಫ ಅಲ್-ಮುಕ್ತದಿರ್ ಇಸ್ಹಾಕನನ್ನು ಹಿಡಿದು ತರಲು ಆಳುಗಳನ್ನು ಅಟ್ಟಿದ. ಆಗ ನಡೆದದ್ದು ಗಮನಿಸಬೇಕಾದದ್ದು. ರಾಜ್ಯಪಾಲ ತೋರಿಕೆಗೆ ಬಂಧನದ ಆಜ್ಞೆ ಕೊಟ್ಟು ಒಳಗೊಳಗೇ ವರ್ತಕರಿಗೆ ಸುಳಿವು ಕೊಟ್ಟ. ಪೇಟೆ ಮುಚ್ಚಿತು. ಇವನನ್ನು ಕೊಂಡೊಯ್ದರೆ ಇನ್ನು ಹಡಗುಗಳು ಇತ್ತ ಬರುವುದಿಲ್ಲ, ಇಂದು ಇವನಿಗೆ ಆದದ್ದು ನಾಳೆ ಹಣವುಳ್ಳ ಯಾರಿಗೂ ಆದೀತು ಎಂದು ಬರೆದ ಪತ್ರಗಳಿಗೆ ಊರವರೂ ಹೊರಗಿನ ವರ್ತಕರೂ ಸಹಿ ಹಾಕಿದರು. ಬಂದ ಆಳುಗಳು ಇಸ್ಹಾಕನಿಂದ ಎರಡು ಸಾವಿರ ದಿನಾರ್ ಕಿತ್ತುಕೊಂಡು ಹೊರಟುಹೋದರು. ಕಡಲಕಥೆಗೆ ಉಪ್ಪುಖಾರ ಸೇರಿರುವುದು ಸಹಜ. ಆದರೂ ಒಬ್ಬ ಯಹೂದಿಗಾಗಿ ಮುಸ್ಲಿಂ ಪೇಟೆಯೊಂದು ಅಂಗಡಿ ಮುಚ್ಚಿತು ಎಂಬುದು ಆ ಕಾಲದ ಕೇಳುಗರಿಗೆ ನಂಬಲಾಗದ ಸಂಗತಿಯಾಗಿರಲಿಲ್ಲ ಎಂಬುದೇ ದೊಡ್ಡದು.

‘ಇದು ವ್ಯಾಪಾರದ ಲಾಭಕ್ಕೆ ಮಾಡಿದ್ದು, ಧರ್ಮಕ್ಕಲ್ಲ’ ಎಂಬ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಲಾಭದ ಲೆಕ್ಕ ಅಲ್ಲಿ ಖಂಡಿತ ಇತ್ತು. ಆದರೆ ಆ ಲೆಕ್ಕ ಯಾವ ಬಗೆಯದು ನೋಡಿ. ಒಬ್ಬನನ್ನು ಬಿಟ್ಟುಕೊಟ್ಟು ತಾನು ಉಳಿಯುವುದೂ ಒಂದು ಲೆಕ್ಕವೇ. ಲೋಕದಲ್ಲಿ ಹೆಚ್ಚಾಗಿ ನಡೆಯುವುದು ಅದೇ. ಈ ವರ್ತಕರು ಅದನ್ನು ಬಿಟ್ಟು, ಅವನ ಕುತ್ತಿಗೆಗೆ ಬಿದ್ದ ಕೈ ನನ್ನ ಕುತ್ತಿಗೆಗೂ ಬೀಳಬಲ್ಲದು ಎಂಬ ಲೆಕ್ಕ ಹಾಕಿದರು. ಅವನನ್ನು ‘ಅವರಲ್ಲೊಬ್ಬ’ ಎಂದು ಎಣಿಸದೆ ‘ನಮ್ಮಲ್ಲೊಬ್ಬ’ ಎಂದು ಎಣಿಸಿದ ಮೇಲೆಯೇ ಈ ಲೆಕ್ಕ ಕೂಡಿಬರುವುದು. ನೀತಿ ಇಣುಕುವುದು ಅಲ್ಲಿಯೇ. ಈ ರಕ್ಷಣೆಗೆ ಮಿತಿಯಿತ್ತು ಎಂಬುದನ್ನೂ ಕಥೆಯ ಕೊನೆ ಹೇಳುತ್ತದೆ. ಬೇಸತ್ತ ಇಸ್ಹಾಕ್ ಮತ್ತೆ ಚೀನಾದತ್ತ ಹಡಗು ಬಿಟ್ಟ. ದಾರಿಯಲ್ಲಿ, ಸುಮಾತ್ರದ ಕಡೆ, ಒಬ್ಬ ದೊರೆ ಇಪ್ಪತ್ತು ಸಾವಿರ ದಿನಾರ್ ಕೇಳಿದ, ಇವನು ಕೊಡಲಿಲ್ಲ, ರಾತ್ರಿ ಕೊಲೆಯಾದ. ಅದೇ ಮನುಷ್ಯ, ಅದೇ ಸಂಪತ್ತು, ಅದೇ ಬಗೆಯ ದುರಾಸೆ. ಅಲ್ಲಿ ಅವನಿಗಾಗಿ ಬಾಗಿಲೆಳೆದುಕೊಳ್ಳುವ ಪೇಟೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಎರಡನೆಯ ಪ್ರಸಂಗ ಮಸ್ಕತ್ತಿನದು. ಬಾಗ್ದಾದನ್ನು ಆಳುತ್ತಿದ್ದ ದಾವೂದ್ ಪಾಷಾನ ಸುಲಿಗೆ ಮತ್ತು ಕ್ರೌರ್ಯ ತಾಳಲಾರದೆ ಅಲ್ಲಿನ ಯಹೂದಿಗಳು ಚದುರಿಹೋದರು. ಮುಂದೆ ಮುಂಬಯಿಯಲ್ಲಿ ದೊಡ್ಡ ವರ್ತಕನಾದ ಡೇವಿಡ್ ಸಸೂನ್ ಬುಶೆಹರ್ ಮಾರ್ಗವಾಗಿ ಭಾರತಕ್ಕೆ ಬಂದದ್ದು ಇದೇ ಕಿರುಕುಳದಿಂದ. ಇನ್ನು ಕೆಲವರು 1828ರಲ್ಲಿ, ಸಯ್ಯಿದ್ ಸಯೀದ್ ಬಿನ್ ಸುಲ್ತಾನನ ಆಳ್ವಿಕೆಯಲ್ಲಿದ್ದ ಮಸ್ಕತ್ತಿಗೆ ಬಂದರು. 1835ರಲ್ಲಿ ಒಮಾನ್ ಸುತ್ತಿದ ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ವೆಲ್‌ಸ್ಟೆಡ್ ಅವರನ್ನು ಕಂಡು ಬರೆದಿದ್ದಾನೆ. ಬೆಳ್ಳಿ ಒಡವೆ ಮಾಡುವವರು, ನಾಣ್ಯ ಬದಲಿಸಿಕೊಡುವ ಚಿನಿವಾರರು ಅವರಲ್ಲಿದ್ದರು. ಈಜಿಪ್ಟ್, ಸಿರಿಯಾಗಳಲ್ಲಿದ್ದಂತೆ ಬಟ್ಟೆಯ ಮೇಲೆ ಗುರುತು ಧರಿಸಬೇಕಿರಲಿಲ್ಲ. ಯೆಮನ್ನಿನಂತೆ ಪ್ರತ್ಯೇಕ ಕೇರಿ ಇರಲಿಲ್ಲ. ಪರ್ಷಿಯಾದಂತೆ ಬೀದಿಯಲ್ಲಿ ಮುಸ್ಲಿಮರು ಎದುರಾದರೆ ಎಡಕ್ಕೆ ಸರಿದು ನಡೆಯಬೇಕೆಂಬ ಕಟ್ಟಳೆಯೂ ಇರಲಿಲ್ಲ. ಇಲ್ಲಿ ಯಾರೂ ಯಾರನ್ನೂ ಅಟ್ಟದ ಮೇಲೆ ಅಡಗಿಸಿಡಲಿಲ್ಲ. ಯಾರ ಹೆಸರೂ ಶಿಲೆಯ ಮೇಲಿಲ್ಲ. ಮಸ್ಕತ್ತಿನ ಮನೆಯವನು ತನ್ನ ಪಕ್ಕದ ಮನೆಯನ್ನು ಯಹೂದಿಗೆ ಬಾಡಿಗೆಗೆ ಕೊಡಲು ತೆರಬೇಕಾಗಿದ್ದ ಬೆಲೆ ಏನೂ ಇರಲಿಲ್ಲ. 1944ರ ಮಾರ್ಕೋವಾದಲ್ಲಿ ಅದೇ ನೆರೆಹೊರೆತನದ ಬೆಲೆ ಎಂಟು ಜನರ ಒಂದು ಇಡೀ ಮನೆತನ.

ನನ್ನ ವಾದದ ತಿರುಳು ಇಷ್ಟು. ಉಲ್ಮಾ ದಂಪತಿ ಮಾಡಿದ್ದೂ ಮಸ್ಕತ್ತಿನವರು ಮಾಡಿದ್ದೂ ಮೂಲದಲ್ಲಿ ಒಂದೇ ಕೆಲಸ: ಓಡಿಬಂದವರಿಗೆ ಇರಲು ಜಾಗ ಕೊಟ್ಟದ್ದು. ಆ ಕೆಲಸ ಬಹು ಸಾಧಾರಣವಾದದ್ದು. ಅದನ್ನು ಅಸಾಧಾರಣ ಮಾಡಿದ್ದು ಹಾನ್ಸ್ ಫ್ರಾಂಕನ ಆಜ್ಞೆ. ಒಬ್ಬ ರೈತ ಒಳ್ಳೆಯವನಾಗಿರಲು ವೀರನೂ ಆಗಬೇಕಾಗಿ ಬಂದರೆ, ಆ ವೀರತನ ಅವನ ಎತ್ತರವನ್ನು ಹೇಳುವುದರ ಜೊತೆಗೆ ಅವನ ಸುತ್ತಲಿನ ಕಾನೂನು ಕುಸಿದ ಆಳವನ್ನೂ ಹೇಳುತ್ತದೆ. ‘ಸಾಮಾನ್ಯರು ಯಾಕೆ ಪ್ರಾಣ ಪಣಕ್ಕಿಟ್ಟರು’ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಯಾಕೆ ಆಸರೆ ಕೊಟ್ಟರು ಎಂದರೆ, ಕೇಳಿದರು ಅದಕ್ಕೆ ಕೊಟ್ಟರು. ಕೊಡುವ ರೂಢಿಯಿತ್ತು ಅದಕ್ಕೆ ಕೊಟ್ಟರು. ಅದಕ್ಕೆ ಪ್ರಾಣ ಯಾಕೆ ತೆರಬೇಕಾಯಿತು ಎಂದರೆ, ಉತ್ತರ ಕೊಡಬೇಕಾದವರು ಅವರಲ್ಲ, ಕೊಂದವರು.

ಎರಡು ಗಂಭೀರ ಆಕ್ಷೇಪಗಳು ಉಳಿದಿವೆ. ಇಷ್ಟು ಸಾಧಾರಣವಾದರೆ ಅಷ್ಟು ಕಡಿಮೆ ಜನ ಯಾಕೆ ಮಾಡಿದರು ಎಂಬುದು ಮೊದಲನೆಯದು. ಗುರುತಿಸಲ್ಪಟ್ಟವರ ಸಂಖ್ಯೆ ಮಾಡಿದವರ ಸಂಖ್ಯೆಯಲ್ಲ. ಸಾಕ್ಷಿ ಹೇಳಬೇಕಾದವರೇ ಸತ್ತುಹೋದ ಎಷ್ಟೋ ಪ್ರಸಂಗಗಳಿವೆ. ಆದರೂ ಅಷ್ಟರಿಂದ ಉತ್ತರ ಪೂರ್ತಿಯಾಗದು. ಕೇಳಿದಾಗ ಬಾಗಿಲು ಹಾಕಿದವರಿದ್ದರು, ಹಿಡಿದುಕೊಟ್ಟವರಿದ್ದರು. ಸಾಧಾರಣ ಮನುಷ್ಯ ಎರಡೂ ದಿಕ್ಕಿಗೆ ಹೋಗಬಲ್ಲ. ಚರಿತ್ರಕಾರ ಕ್ರಿಸ್ಟೊಫರ್ ಬ್ರೌನಿಂಗ್ ಅಧ್ಯಯನ ಮಾಡಿದ 101ನೇ ಮೀಸಲು ಪೊಲೀಸ್ ಪಡೆಯಲ್ಲಿದ್ದವರು ಹ್ಯಾಂಬರ್ಗ್ ಕಡೆಯ ನಡುವಯಸ್ಸಿನ ಸಂಸಾರಸ್ಥರು. 1942ರ ಜುಲೈ 13ರಂದು ಯೋಜೆಫೂವ್ ಎಂಬಲ್ಲಿ ಯಹೂದಿಗಳನ್ನು ಕೊಲ್ಲುವ ಮೊದಲು ಅವರ ಮೇಜರ್, ಆಗದವರು ಹೊರಗುಳಿಯಬಹುದು ಎಂದ. ಸುಮಾರು 500 ಮಂದಿಯಲ್ಲಿ ಆ ಗಳಿಗೆಯಲ್ಲಿ ಹೊರಬಂದವರು ಹನ್ನೆರಡು ಮಂದಿಯ ಆಸುಪಾಸು. ಅಲ್ಲಿಯೂ ಕೆಲಸ ಮಾಡಿದ್ದು ಅದೇ ಮೂರು: ಯಾರು ಏನು ಕೇಳಿದರು, ಮೊದಲ ಹೆಜ್ಜೆ ಯಾವುದು, ಜೊತೆಗೆ ಯಾರಿದ್ದರು. ಇದು ನನ್ನ ವಾದವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ. ಕೊಂದವರು ರಾಕ್ಷಸರಲ್ಲ ಎಂದು ಒಪ್ಪಿದ ಮೇಲೆ ಕಾಪಾಡಿದವರು ದೇವರಲ್ಲ ಎಂದೂ ಒಪ್ಪಬೇಕು. ಎರಡೂ ಕಡೆ ಇದ್ದವರು ನಮ್ಮಂಥವರೇ.

ಹೀಗೆ ಹೇಳುವುದರಿಂದ ಉಲ್ಮಾ ದಂಪತಿಯ ತ್ಯಾಗವನ್ನು ಕುಗ್ಗಿಸಿದಂತಾಗದೆ ಎಂಬುದು ಎರಡನೆಯದು. ನನ್ನ ಮಟ್ಟಿಗೆ ಅದು ಹೆಚ್ಚುತ್ತದೆ. ದೇವರು ಬೆಟ್ಟ ಎತ್ತಿದರೆ ಅಚ್ಚರಿಯೇನು? ತೋಟ, ಜೇನುಪೆಟ್ಟಿಗೆ, ಆರು ಮಕ್ಕಳ ಗಲಾಟೆಯ ನಡುವೆ ಇದ್ದ ಒಬ್ಬ ರೈತ ಎತ್ತಿದ ಎಂಬುದೇ ಎದೆ ತುಂಬಿಸುವ ಸಂಗತಿ. ಅಡಗಿಕೊಂಡಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ಕುಟುಂಬಕ್ಕೆ ಎರಡು ವರ್ಷ ಅನ್ನ ಮುಟ್ಟಿಸಿದ ಮೀಪ್ ಗೀಸ್ ಬದುಕಿರುವವರೆಗೂ ತನ್ನನ್ನು ವೀರಳೆಂದು ಕರೆಯಬೇಡಿ ಎನ್ನುತ್ತಿದ್ದಳು. ನೆರವಾಗಲು ವಿಶೇಷ ವ್ಯಕ್ತಿಯೇ ಬೇಕು ಎಂದು ಜನ ನಂಬಿಬಿಟ್ಟರೆ ಮುಂದೆ ಯಾರು ನೆರವಾದಾರು ಎಂಬುದು ಆಕೆಯ ಆತಂಕವಾಗಿತ್ತು. ಅದನ್ನು ವಿನಯ ಎಂದು ಬದಿಗಿಡಬಾರದು. ಅದು ತಾನು ಕಂಡುಂಡ ಸತ್ಯವನ್ನು ನಮ್ಮ ಕೈಗೆ ಕೊಟ್ಟ ಮಾತು.

ಈ ದೇಶದಲ್ಲಿ ನಾವೂ ಹೊರಗಿನಿಂದ ಬಂದವರು. ಮಂಗಳೂರಿನಿಂದ, ಉಡುಪಿಯಿಂದ, ಹುಬ್ಬಳ್ಳಿಯಿಂದ ಬಂದು ಇನ್ನೊಬ್ಬರ ನೆಲದಲ್ಲಿ ಅನ್ನ ಉಣ್ಣುತ್ತ, ಹಳೇ ಮಸ್ಕತ್ತಿನ ಶಿವಾಲಯಕ್ಕೆ ಹೋಗಿಬರುತ್ತ ಇರುವವರಿಗೆ ಆಸರೆಯ ಬೆಲೆ ಗೊತ್ತಿರಬೇಕು. ವೆಲ್‌ಸ್ಟೆಡ್ ಕಂಡ ಆ ಯಹೂದಿ ಸಮುದಾಯ ಇಂದು ಈ ಊರಿನಲ್ಲಿ ಉಳಿದಿಲ್ಲ. ಯಾವ ಆಸರೆಯೂ ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ. ಯೋಜೆಫ್ ಉಲ್ಮಾನ ಬೈಬಲಿನಲ್ಲಿ, ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿ ಉಪಚರಿಸಿದ ಸಮಾರಿಯದವನ ಕಥೆಯ ಕೆಳಗೆ ಗೆರೆ ಎಳೆದಿದೆ. ಪಕ್ಕದ ಅಂಚಿನಲ್ಲಿ ಪೋಲಿಷ್ ಭಾಷೆಯ ಒಂದೇ ಪದ: ಹೌದು. ಒಮಾನಿನ ಪೇಟೆಯವರು ಆ ಪತ್ರದ ಕೆಳಗೆ ಹಾಕಿದ ಒಂದೊಂದು ಸಹಿಯೂ ಅದೇ ಪದ. ಒಬ್ಬನೇ ಬರೆದಾಗ ಅದಕ್ಕೆ ಪ್ರಾಣ ತೆರಬೇಕಾಯಿತು. ಊರೆಲ್ಲ ಬರೆದಾಗ ಎರಡು ಸಾವಿರ ದಿನಾರಿಗೆ ಮುಗಿಯಿತು. ವಜ್ರದ ಗೂಡು ಕಟ್ಟುವುದು ನಮ್ಮಿಂದ ಆಗದಿರಬಹುದು. ಪಕ್ಕದವನ ಸಹಿಯ ಕೆಳಗೆ ನಮ್ಮದೊಂದು ಹಾಕುವುದು ಆಗುತ್ತದೆ.